ರಾಗಿ, ಜೋಳ, ಕಡಲೆ ಬೆರೆತ ಮನೆಬ್ರೆಡ್ಡು
(ಸಂಘದ ಕುಟುಂಬಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ತಿಂಗಳಲ್ಲಿ ವೇದಿಕೆ ಏರಿದವರು ಕನ್ನಡ ನಾಡುನುಡಿಗಳ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ನಮಗೆ ಕಾರ್ಯದರ್ಶಿಗಳು ಒಪ್ಪಿಸಿರುವುದು ಬ್ರೆಡ್ಡಿನ ವಿಷಯ. ಸಭೆಯಲ್ಲಿ ಕೆಲವರು ಮುಗುಳು ನಗುತ್ತಿರುವುದು ಕಾಣುತ್ತಲೇ ಇದೆ. ನಗಬಹುದು. ಆದರೆ ಈ ಮುಂಬಯಿಯಲ್ಲಿ ಏಳೂ ಇಪ್ಪತ್ತರ ಗಾಡಿ ಹಿಡಿಯಬೇಕಾದ ಕನ್ನಡ ಮನೆಗಳ ಬೆಳಗಿನ ತಿಂಡಿ ಯಾವುದೆಂದು ತಮ್ಮತಮ್ಮೊಳಗೇ ಕೇಳಿಕೊಂಡರೆ, ವಾರದಲ್ಲಿ ಎರಡು ಮೂರು ದಿನವಾದರೂ ಪೊಟ್ಟಣದ ಬ್ರೆಡ್ಡೇ ಎಂದು ಒಪ್ಪಿಕೊಳ್ಳುವವರು ಇಲ್ಲಿ ಹಲವರಿದ್ದಾರು. ಪ್ರತಿನಿತ್ಯ ನಮ್ಮ ಮಕ್ಕಳ ಡಬ್ಬಿಗೆ ಹೋಗುವ ವಸ್ತುವಿನಲ್ಲಿ ಏನಿದೆ, ಏನಿರಬಹುದಿತ್ತು ಎಂದು ವಿಚಾರಿಸುವುದು ನಾಡಿನ ಕೆಲಸಕ್ಕೆ ತೀರ ಹೊರಗಿನದೇನೂ ಅಲ್ಲ.

ನಾವು ಎಂದರೆ ನಮ್ಮ ಮನೆಯ ಐದು ಮಂದಿ. ಗದಗಿನ ಕಡೆಯಿಂದ ಬಂದ ಅವ್ವ, ಮಂಡ್ಯದ ಕಡೆಯಿಂದ ಬಂದ ಮನೆಯಾಕೆ, ಇಲ್ಲಿಯೇ ಹುಟ್ಟಿದ ಇಬ್ಬರು ಮಕ್ಕಳು, ಮತ್ತು ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವ ಈ ವ್ಯಕ್ತಿ. ಭಾಷಣವನ್ನು ಬರೆದ ಕೈ ಗುಮಾಸ್ತನದಾದರೂ ಅದರೊಳಗಿನ ತಿಳಿವಳಿಕೆ ಐವರ ಜಂಟಿ ಖಾತೆಯದು.

ಮೊದಲು ಪಾವಿನ ಕುಲಗೋತ್ರ ನೋಡೋಣ. ಪಾವು ಎಂಬ ಹೆಸರೇ ಪೋರ್ತುಗೀಜರ ಮಾತಿನಿಂದ ಬಂದದ್ದು. ಅವರು ಗೋವೆಗೆ ಬಂದಾಗ ಹಿಟ್ಟು ಹುಳಿಯಿಸಲು ಅವರ ನಾಡಿನ ಹುದುಗು ಇಲ್ಲಿ ಸಿಕ್ಕದೆ, ತೆಂಗಿನ ಕಳ್ಳನ್ನು ಬೆರಸಿ ಉಬ್ಬಿಸುವುದು ರೂಢಿಗೆ ಬಂತು. ಸಾಷ್ಟಿಯ ಕಡೆಯ ಗೋವೆಯವರು ಈ ವಿದ್ಯೆಯನ್ನು ಮುಂಬಯಿಗೆ ತಂದು ಭಟ್ಟಿಗಳನ್ನು ತೆರೆದರು; ಆಮೇಲೆ ಇರಾನಿಯರು ಬಂದರು. ನಮ್ಮ ಹಿರಿಯರಲ್ಲಿ ಬ್ರೆಡ್ಡೆಂದರೆ ಮೂಗು ಮುರಿಯುವವರು ಬಹಳ ಮಂದಿ ಇದ್ದರು. ಬಾವಿಗೆ ಪಾವಿನ ತುಂಡು ಬಿದ್ದರೆ ನೀರು ಕುಡಿದ ಊರೆಲ್ಲ ಜಾತಿ ಕೆಟ್ಟಂತೆ ಎಂಬ ಕಥೆ ಕೊಂಕಣದಲ್ಲಿ ಹೇಳಿಕೆಯಾಗಿ ಉಳಿದಿದೆ. ಇನ್ನು ಕೆಲವು ಮನೆಗಳಲ್ಲಿ ಅದು ಜ್ವರ ಬಂದವರ ಪಥ್ಯ. ಹಾಲಿನಲ್ಲಿ ಅದ್ದಿ ಕೊಡುತ್ತಿದ್ದರು, ಗುಣವಾದೊಡನೆ ನಿಲ್ಲಿಸುತ್ತಿದ್ದರು. ಈಗ ಜ್ವರವಿಲ್ಲದವರೂ ತಿನ್ನುತ್ತಾರೆ. ಕಾಲ ತಂದ ಬದಲಾವಣೆ. ಅದಕ್ಕೆ ವ್ಯಥೆಪಟ್ಟು ಫಲವಿಲ್ಲ.

ವ್ಯಥೆಪಡಬೇಕಾದದ್ದು ಬೇರೆ ಇದೆ. ಅಂಗಡಿಯ ಬಿಳಿ ಬ್ರೆಡ್ಡು ಮೈದಾಹಿಟ್ಟಿನದು. ಗೋಧಿಯ ಹೊಟ್ಟನ್ನೂ ಮೊಳಕೆಯ ಭಾಗವನ್ನೂ ತೆಗೆದುಹಾಕಿದ ಹಿಟ್ಟು ಅದು. ನಮ್ಮ ದೇಶದ ಆಹಾರಗಳ ಸತ್ವವನ್ನು ಅಳೆದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಕೋಷ್ಟಕವನ್ನು ನೋಡಿದರೆ, 100 ಗ್ರಾಂ ಗೋಧಿ ಹಿಟ್ಟಿನಲ್ಲಿ ನಾರು ಸುಮಾರು 11 ಗ್ರಾಂ, ಮೈದಾದಲ್ಲಿ 3 ಗ್ರಾಂಗೂ ಕಡಿಮೆ. ‘ಬ್ರೌನ್’ ಎಂದು ಬರೆದ ಬ್ರೆಡ್ಡು ಕೊಂಡು ನೆಮ್ಮದಿಯಾಗಿರುವವರು ದಯವಿಟ್ಟು ಪೊಟ್ಟಣವನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರವನ್ನು ಓದಬೇಕು. ಯಾವ ಪದಾರ್ಥ ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರೆಯುವುದು ಕ್ರಮ. ಮೊದಲ ಹೆಸರೇ ಮೈದಾ ಆಗಿದ್ದು, ಕೊನೆಯಲ್ಲಿ ಕ್ಯಾರಮೆಲ್ ಬಣ್ಣ ಎಂದಿದ್ದರೆ, ಆ ಕಂದು ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ. ‘ಮಲ್ಟಿಗ್ರೇನ್’ ಎಂಬ ದೊಡ್ಡಕ್ಷರದ ಹಿಂದೆ ಧಾನ್ಯಗಳು ನೂರಕ್ಕೆ ಎಷ್ಟಿವೆ ಎಂಬುದನ್ನೂ ನೋಡುವುದು ಲೇಸು. ಬ್ರೆಡ್ಡು ಚೆನ್ನಾಗಿ ಉಬ್ಬಲೆಂದು ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್ ಎಂಬ ರಾಸಾಯನಿಕವನ್ನು ನಮ್ಮ ದೇಶದಲ್ಲಿ ನಿಷೇಧಿಸಿದ್ದು 2016ರಲ್ಲಿ. ಅಲ್ಲಿಯವರೆಗೆ ಅದಕ್ಕೆ ಅನುಮತಿ ಇತ್ತು. ಬಹಿರಂಗವಾಗಿ ಯಾರನ್ನೂ ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಲೆಕ್ಕವನ್ನು ತಾವೇ ಒಮ್ಮೆ ತಾಳೆ ನೋಡುವುದು ನಮ್ಮ ಉದ್ಯೋಗದ ಚಾಳಿ.

ಧಾನ್ಯದ ಜೊತೆ ಬೇಳೆಕಾಳು ಬೆರಸಿ ಬ್ರೆಡ್ಡು ಮಾಡುವುದು ಹೊಸತೂ ಅಲ್ಲ, ಪಾಶ್ಚಾತ್ಯರ ಶೋಕಿಯೂ ಅಲ್ಲ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಎಜೆಕಿಯೇಲನ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಗೋಧಿ, ಬಾರ್ಲಿ, ಅವರೆ ಜಾತಿಯ ಕಾಳು, ಚನ್ನಂಗಿ, ಕಿರುಧಾನ್ಯ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ರೊಟ್ಟಿ ಮಾಡುವ ಮಾತು ಬರುತ್ತದೆ. ಅಮೆರಿಕೆಯಲ್ಲಿ ಈಗ ಆ ಪ್ರವಾದಿಯ ಹೆಸರಿಟ್ಟೇ ಬ್ರೆಡ್ಡು ಮಾರುತ್ತಾರೆ. ಆದರೆ ಮೂಲದಲ್ಲಿ ಅದು ಊರಿಗೆ ಮುತ್ತಿಗೆ ಬಿದ್ದಾಗ ತೂಗಿ ತಿನ್ನಬೇಕಾದ ಬರಗಾಲದ ಅನ್ನ. ಯೂರೋಪಿನಲ್ಲಿಯೂ ಬಟಾಣಿ, ಅವರೆ ಹಿಟ್ಟು ಬೆರೆತ ಕಪ್ಪು ರೊಟ್ಟಿ ಬಡವರದು, ಬೆಳ್ಳಗಿನದು ಧಣಿಗಳದು. ನಮ್ಮಲ್ಲಿಯೂ ಹಾಗೆಯೇ ಅಲ್ಲವೆ? ಹಬ್ಬಕ್ಕೆ ಅಕ್ಕಿ ಅನ್ನ, ಮಿಕ್ಕ ದಿನ ರಾಗಿ ಜೋಳ. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಭತ್ತವೂ ರಾಗಿಯೂ ಮೇಲು ಕೀಳಿಗಾಗಿ ಜಗಳವಾಡಿ, ಆರು ತಿಂಗಳು ಸೆರೆಯಲ್ಲಿದ್ದು ಹೊರಬಂದಾಗ ಭತ್ತ ಕಳೆಗುಂದಿತ್ತು, ರಾಗಿ ಗಟ್ಟಿಯಾಗಿಯೇ ಇತ್ತು. ಹಗೇವಿನಲ್ಲಿ ವರ್ಷಗಟ್ಟಲೆ ಹುಳು ಹಿಡಿಯದೆ ಕೂರುವ ಧಾನ್ಯವನ್ನು ಕಂಡವರೇ ಬರೆಯಬಹುದಾದ ಕಥೆ ಅದು. ವಿಶ್ವಸಂಸ್ಥೆ 2023ನ್ನು ಕಿರುಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಪಟ್ಟಣದ ಅಂಗಡಿಗಳಲ್ಲಿ ರಾಗಿಗೆ ಮರ್ಯಾದೆ ಹೆಚ್ಚಿದೆ. ಬೆಲೆಯೂ ಹೆಚ್ಚಿದೆ ಎಂಬುದು ಬೇರೆ ಮಾತು.

ಧಾನ್ಯಕ್ಕೆ ಬೇಳೆಯ ಜೊತೆ ಏಕೆ ಬೇಕು ಎಂಬುದಕ್ಕೆ ವಿಜ್ಞಾನದ ಕಾರಣವೂ ಉಂಟು. ಗೋಧಿ, ಜೋಳ ಮೊದಲಾದ ಧಾನ್ಯಗಳ ಸಸಾರಜನಕದಲ್ಲಿ ಲೈಸೀನ್ ಎಂಬ ಅಂಶ ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳ. ಅಲ್ಲಿ ಮಿಥಿಯೋನಿನ್ ಎಂಬ ಇನ್ನೊಂದು ಕಡಿಮೆ. ಎರಡೂ ಒಂದೇ ಊಟದಲ್ಲಿ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯದವರು ಆ ದಶಕದಲ್ಲಿಯೇ ಕಡಲೆಕಾಯಿ ಹಿಂಡಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು ಬೆರಸಿ, ಧಾನ್ಯದ ಊಟಕ್ಕೆ ಬಲ ಕೊಡುವ ಒಂದು ಆಹಾರವನ್ನು ಸಿದ್ಧಪಡಿಸಿದ್ದರು. ಆದರೆ ನಮ್ಮ ಅಜ್ಜಿಯರು ಸಂಶೋಧನಾಲಯಕ್ಕಾಗಿ ಕಾದಿರಲಿಲ್ಲ. ಇಡ್ಲಿ ಏನು? ಅಕ್ಕಿಯೂ ಉದ್ದೂ ಕೂಡಿ, ಹುಳಿದು, ಉಬ್ಬಿ, ಬೆಂದದ್ದು. ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆ ಎಂಬ ಮಾತು ಬರುವುದನ್ನು ಪಂಡಿತರು ತೋರಿಸಿಕೊಟ್ಟಿದ್ದಾರೆ, ಅಂದರೆ ಸಾವಿರ ವರ್ಷಗಳ ಹಿಂದಿನ ಮಾತು. ನೆರೆಮನೆಯ ಮರಾಠಿ ಬಾಯಿಯವರ ಥಾಲಿಪೀಠದ ಭಾಜಣಿ ಏನು? ಜೋಳ, ಸಜ್ಜೆ, ಅಕ್ಕಿ, ಕಡಲೆಬೇಳೆ, ಉದ್ದು ಎಲ್ಲ ಹುರಿದು ಬೀಸಿದ ಹಿಟ್ಟು. ನಮ್ಮ ತಾಲಿಪಟ್ಟು ಅದರ ಅಕ್ಕತಂಗಿ. ಬೆರಸುವುದೂ ಗೊತ್ತು, ಹುಳಿಯಿಸುವುದೂ ಗೊತ್ತು. ಬೇಯಿಸುವ ಪಾತ್ರೆ ಮಾತ್ರ ಹೊಸದು.

ಹಾಗಾದರೆ ಮನಬಂದಂತೆ ಬೆರಸಿದರೆ ಬ್ರೆಡ್ಡಾಗುತ್ತದೆಯೆ? ಆಗದು. ಇಲ್ಲಿ ಗೋಧಿಯ ಅಪ್ಪಣೆ ಬೇಕು. ಮಕ್ಕಳಿಗೆ ತೋರಿಸಬಹುದಾದ ಒಂದು ಚಮತ್ಕಾರ ಹೇಳುತ್ತೇವೆ. ಚಪಾತಿ ಹಿಟ್ಟಿನ ಒಂದು ಉಂಡೆಯನ್ನು ಅರ್ಧ ಗಂಟೆ ನೆನೆಯಬಿಟ್ಟು ನೀರಿನಲ್ಲಿ ಮೆಲ್ಲಗೆ ಹಿಸುಕಿ ತೊಳೆಯಿರಿ. ಬಿಳಿಯ ಪಿಷ್ಟವೆಲ್ಲ ಕರಗಿ ಹೋಗಿ ಕೈಯಲ್ಲಿ ರಬ್ಬರಿನಂಥ ಒಂದು ಮುದ್ದೆ ಉಳಿಯುತ್ತದೆ. ಅದೇ ಗ್ಲುಟೆನ್. ರಾಗಿ ಹಿಟ್ಟಿನ ಉಂಡೆಯನ್ನು ಹಾಗೆಯೇ ತೊಳೆದರೆ ಎಲ್ಲವೂ ನೀರಿನೊಡನೆ ಹೋಗುತ್ತದೆ. ಯೀಸ್ಟು ಹಿಟ್ಟಿನೊಳಗೆ ಗಾಳಿ ಬಿಡುತ್ತದೆ. ಆ ಗಾಳಿಯನ್ನು ಬಲೂನಿನಂತೆ ಹಿಡಿದಿಡುವುದು ಈ ರಬ್ಬರು. ಇಡ್ಲಿ ಹಿಟ್ಟಿನಲ್ಲಿ ಉದ್ದಿನ ಲೋಳೆ ಇದೇ ಚಾಕರಿ ಮಾಡುತ್ತದೆ. ರಾಗಿಗೂ ಜೋಳಕ್ಕೂ ಕಡಲೆಗೂ ಗ್ಲುಟೆನ್ ಇಲ್ಲವಾದ್ದರಿಂದ ಅವು ಹೆಚ್ಚಾದಷ್ಟೂ ಬ್ರೆಡ್ಡು ಇಟ್ಟಿಗೆಯಾಗುತ್ತ ಹೋಗುತ್ತದೆ. ನೂರಕ್ಕೆ ಎಪ್ಪತ್ತು ಗೋಧಿ, ಮೂವತ್ತು ಉಳಿದವು, ಆ ಮೂವತ್ತರೊಳಗೆ ಬೇಳೆ ಹತ್ತು: ಇದು ನಮ್ಮ ಮನೆಯ ಬಜೆಟ್ಟು. ಬೆಳಗಾವಿ, ಧಾರವಾಡದ ಕಡೆಯ ಬಂಧುಗಳು ಖಪ್ಲಿ ಗೋಧಿಯನ್ನು ಪ್ರೀತಿಯಿಂದ ತರಿಸುತ್ತಾರೆ. ಹುಗ್ಗಿಗೆ ಅದಕ್ಕೆ ಸಮನಿಲ್ಲ. ಆದರೆ ಅದರ ಗ್ಲುಟೆನ್ ದುರ್ಬಲ. ಬ್ರೆಡ್ಡಿಗೆ ಸಾಧಾರಣ ಚಪಾತಿ ಗೋಧಿಯೇ ಆಗಬೇಕು.

ಇನ್ನು ಸಾಮಾನಿನ ಪಟ್ಟಿ. ಗೋಧಿ ಹಿಟ್ಟು 350 ಗ್ರಾಂ, ರಾಗಿ ಹಿಟ್ಟು 50, ಜೋಳದ ಹಿಟ್ಟು 50, ಹುರಿಗಡಲೆ ಹಿಟ್ಟು 50; ಒಟ್ಟು ಅರ್ಧ ಕಿಲೋ. ಹುರಿಗಡಲೆಯೆಂದರೆ ಅವ್ವನ ಮಾತಿನಲ್ಲಿ ಪುಟಾಣಿ, ಇಲ್ಲಿನ ವಾಣಿಯ ಅಂಗಡಿಯಲ್ಲಿ ಡಾಳ್ಯಾ. ಹಸಿ ಕಡಲೆಹಿಟ್ಟಾದರೆ ಹಸಿವಾಸನೆ ಉಳಿಯುವುದುಂಟು. ಹುರಿಗಡಲೆಗೆ ಆ ದೋಷವಿಲ್ಲ. ಅದನ್ನು ಮಿಕ್ಸಿಯಲ್ಲಿಯೇ ಪುಡಿಮಾಡಬಹುದು. ಹೆಸರುಬೇಳೆಯನ್ನು ಘಮ ಬರುವಂತೆ ಹುರಿದು ಪುಡಿಮಾಡಿ ಹಾಕಿದರೂ ಆದೀತು. ರಾಜ್ಮಾವನ್ನು ಮಾತ್ರ ಹಸಿಯಾಗಿ ಬೀಸಿ ಬೆರಸಬೇಡಿರಿ. ಅದನ್ನು ನೆನೆಸಿ, ಚೆನ್ನಾಗಿ ಕುದಿಸಿದಲ್ಲದೆ ಹೋಗದ ಒಂದು ವಿಷಾಂಶ ಅದರಲ್ಲಿದೆ. ಇವಲ್ಲದೆ ಉಪ್ಪು ಒಂದೂವರೆ ಚಹಾ ಚಮಚ, ಬೆಲ್ಲದ ಪುಡಿ ಒಂದು ದೊಡ್ಡ ಚಮಚ, ಎಣ್ಣೆ ಎರಡು ದೊಡ್ಡ ಚಮಚ, ಒಣ ಯೀಸ್ಟು ಒಂದೂವರೆ ಚಹಾ ಚಮಚ.

ಈಗ ನಮ್ಮ ಬ್ರೆಡ್ಡಿನ ಮರ್ಮದ ಮಾತು. ಪುಸ್ತಕಗಳಲ್ಲಿ ಎಲ್ಲ ಹಿಟ್ಟನ್ನೂ ಒಟ್ಟಿಗೆ ಕಲಸಿರೆಂದು ಬರೆದಿರುತ್ತಾರೆ. ಹಾಗೆ ಮಾಡಿದರೆ ರಾಗಿಯೂ ಜೋಳವೂ ಬ್ರೆಡ್ಡನ್ನು ಮರುದಿನಕ್ಕೇ ಒಣಗಿಸಿ ಉದುರುದುರಾಗಿಸುತ್ತವೆ. ನಮ್ಮ ಮನೆಯಲ್ಲಿ ಇದಕ್ಕೆ ಉಪಾಯ ಬಂದದ್ದು ಅವ್ವನಿಂದ. ಎರಡು ವರ್ಷಗಳಿಂದ ಅವರಿಗೆ ಮುಂಗೈ ನೋವು, ರೊಟ್ಟಿ ಬಡಿಯಲಾಗುವುದಿಲ್ಲ. ಐವತ್ತು ವರ್ಷ ದಿನಬೆಳಗಾದರೆ ಬಡಿದ ಕೈ. ಕೊಂಡು ತಂದ ಕಟಕ ರೊಟ್ಟಿಯನ್ನು ತಿನ್ನುತ್ತಿದ್ದರು, ಏನೂ ಅನ್ನುತ್ತಿರಲಿಲ್ಲ. ಅಡಿಗೆಮನೆಗೆ ಬರುವುದನ್ನು ಮಾತ್ರ ಕಡಿಮೆ ಮಾಡಿದರು. ನಮಗೆ ತಟ್ಟಿದ್ದು ಅದು. ಒಂದು ಭಾನುವಾರ ಹಿಟ್ಟು ಕಲಸುವುದನ್ನು ಬಾಗಿಲಲ್ಲಿ ನಿಂತು ನೋಡಿ, ಸೊಸೆಗೆ ಹೇಳಿದರು: “ಯವ್ವಾ, ಜ್ವಾಳದ ಹಿಟ್ಟಿಗೆ ತಣ್ಣೀರು ಹಾಕಿದ್ರ ಅದು ಹ್ಯಾಂಗ ಜಿಗಿ ಹಿಡೀತದ? ಎಸರು ಹಾಕು.”

ಜೋಳಕ್ಕೆ ಜಿಗಿ ಇಲ್ಲವೆಂದೇ ಉತ್ತರ ಕರ್ನಾಟಕದವರು ಕುದಿಯುವ ಎಸರು ಹೊಯ್ದು ರೊಟ್ಟಿಯ ಹಿಟ್ಟು ನಾದುತ್ತಾರೆ. ಮಂಡ್ಯದವರು ರಾಗಿಗೆ ಕುದಿನೀರು ತೋರಿಸಿ ಮುದ್ದೆ ಕಟ್ಟುತ್ತಾರೆ. ಎರಡರ ಗುಟ್ಟೂ ಒಂದೇ: ಕುದಿನೀರಿನಲ್ಲಿ ಪಿಷ್ಟ ಬೆಂದು ಹಿಗ್ಗಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪೂರ್ವದೇಶಗಳ ಬ್ರೆಡ್ಡಿನವರೂ ಸ್ವಲ್ಪ ಹಿಟ್ಟನ್ನು ಹೀಗೆ ಬೇಯಿಸಿ ಬೆರಸುತ್ತಾರೆಂದು ಆಮೇಲೆ ಓದಿದೆವು. ಆದಕಾರಣ ರಾಗಿ, ಜೋಳದ 100 ಗ್ರಾಂ ಹಿಟ್ಟಿಗೆ ಕುದಿಯುವ ನೀರು 200 ಮಿಲಿಲೀಟರು ಹೊಯ್ದು ಕಟ್ಟಿಗೆಯ ಸೌಟಿನಿಂದ ಗಂಟಿಲ್ಲದಂತೆ ತಿರುವಿ ಮುಚ್ಚಿಡಬೇಕು. ಉಗುರು ಬೆಚ್ಚಗಾಗುವವರೆಗೆ ಆರಲೇಬೇಕು. ಯೀಸ್ಟು ಜೀವವಿರುವ ವಸ್ತು, ಬಿಸಿಗೆ ಸಾಯುತ್ತದೆ. ಈಗ ನಮ್ಮಲ್ಲಿ ಎಸರು ಹೊಯ್ಯುವುದು, ಹದ ನೋಡುವುದು ಅವ್ವನ ಇಲಾಖೆ. ಬೆರಳಿನಿಂದ ಒಮ್ಮೆ ಒತ್ತಿ “ಇನ್ನೊಂದೀಟು ನೀರ ಕುಡೀತೈತಿ” ಎಂದರೆ ಅದು ಅಂತಿಮ ತೀರ್ಪು. ಆ ಬ್ರೆಡ್ಡಿಗೆ ಅವರಿಟ್ಟ ಹೆಸರು ‘ಬಡೀಲಾರದ ರೊಟ್ಟಿ’.

ಗೋಧಿ ಹಿಟ್ಟನ್ನು ಇನ್ನೊಂದು ಪಾತ್ರೆಯಲ್ಲಿ 175 ಮಿಲಿಲೀಟರು ನೀರಿನಲ್ಲಿ ಕಲಸಿ ಅರ್ಧ ಗಂಟೆ ಬಿಡಬೇಕು. ಗಿರಣಿಯ ಹಿಟ್ಟಿನ ಹೊಟ್ಟಿನ ಚೂರುಗಳು ಗ್ಲುಟೆನ್ನಿನ ಎಳೆಗಳನ್ನು ಕತ್ತರಿಸುತ್ತವೆ, ನೆನೆದರೆ ಮೆತ್ತಗಾಗುತ್ತವೆ. ಆಮೇಲೆ ಎಲ್ಲವನ್ನೂ ಕೂಡಿಸಿ ಹತ್ತು ಹನ್ನೆರಡು ನಿಮಿಷ ಚೆನ್ನಾಗಿ ನಾದುವುದು. ಬೇಕಾದರೆ ಎರಡು ಮೂರು ಚಮಚ ನೀರು ಹೆಚ್ಚಿಗೆ. ಚಪಾತಿ ಹಿಟ್ಟಿಗಿಂತ ಸಡಿಲವಾಗಿ, ಕೈಗೆ ತುಸು ಅಂಟುವಂತಿರಬೇಕು. ಅಂಟುತ್ತದೆಂದು ಒಣಹಿಟ್ಟು ಸುರಿಯುತ್ತ ಹೋಗಬಾರದು, ಕೈಗೆ ಎಣ್ಣೆ ಸವರಿಕೊಳ್ಳಬೇಕು. ನಾದುವ ಕೆಲಸ ಗಂಡಸರಿಗೆ ತಕ್ಕದ್ದು. ಆ ಹೊತ್ತಿನಲ್ಲಿ ಕ್ರಿಕೆಟ್ಟು ನೋಡಿದರೂ ಬಾಧಕವಿಲ್ಲ.

ಮುಚ್ಚಿಟ್ಟ ಹಿಟ್ಟು ಮುಂಬಯಿಯ ಸೆಕೆಯಲ್ಲಿ ಒಂದರಿಂದ ಒಂದೂವರೆ ಗಂಟೆಯಲ್ಲಿ ಉಬ್ಬುತ್ತದೆ. ಮೇ ತಿಂಗಳಲ್ಲಿ ಇನ್ನೂ ಬೇಗ. ದೆಹಲಿ, ಪುಣೆಯ ನಂಟರಿಗೆ ಚಳಿಗಾಲದಲ್ಲಿ ಇದರ ಇಮ್ಮಡಿ ಹೊತ್ತು ಬೇಕಾದೀತು. ಬೆರಕೆ ಹಿಟ್ಟು ಮೈದಾದಂತೆ ಎರಡು ಪಟ್ಟಾಗುವುದಿಲ್ಲ. ಒಂದೂವರೆ ಪಟ್ಟಿಗಿಂತ ತುಸು ಮೇಲಾದರೆ ಸಾಕು. ಮೆಲ್ಲಗೆ ಗಾಳಿ ತೆಗೆದು, ಸುರುಳಿ ಸುತ್ತಿ, ಎಣ್ಣೆ ಸವರಿದ 9 ಅಂಗುಲ ಉದ್ದ, 5 ಅಂಗುಲ ಅಗಲದ ಡಬ್ಬಿಯಲ್ಲಿಟ್ಟು ಮತ್ತೆ ಮುಕ್ಕಾಲು ಗಂಟೆ. ಡಬ್ಬಿಯ ಅಂಚಿನ ಹತ್ತಿರಕ್ಕೆ ಬಂದೊಡನೆ ಒಲೆಗೆ ಹೋಗಬೇಕು. ಇನ್ನಷ್ಟು ಉಬ್ಬಲೆಂದು ಆಸೆಪಟ್ಟು ಕಾದರೆ ಒಳಗಿನ ಬಲೂನು ಒಡೆದು ನಡು ಕುಸಿಯುತ್ತದೆ. ಮೊದಲೇ ಕಾಸಿದ ಓವನ್ನಿನಲ್ಲಿ 200 ಡಿಗ್ರಿಯಲ್ಲಿ ಕಾಲು ಗಂಟೆ, 180ಕ್ಕೆ ಇಳಿಸಿ ಇಪ್ಪತ್ತೈದು ನಿಮಿಷ. ತೆಗೆದು ತಳವನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಬಿಸಿಯಲ್ಲಿ ಕೊಯ್ಯಬೇಡಿರಿ, ಒಳಗಿನ ಹದ ಗಟ್ಟಿಗೊಳ್ಳಲು ಎರಡು ಗಂಟೆಯಾದರೂ ಬೇಕು. ಮನೆಯಲ್ಲಿ ಮಕ್ಕಳಿದ್ದರೆ ಇಡೀ ಕೆಲಸದಲ್ಲಿ ಕಠಿಣವಾದ ಘಟ್ಟ ಇದೇ.

ಜಮಾಖರ್ಚಿನ ವಿಚಾರ. ಅರ್ಧ ಕಿಲೋ ಹಿಟ್ಟಿಗೆ ನೀರು ಮೊದಲಾದುವು ಸೇರಿ, ಬೇಯುವಾಗ ಆವಿಯಾದದ್ದು ಕಳೆದು, ಸುಮಾರು 800 ಗ್ರಾಂ ಬ್ರೆಡ್ಡು ಕೈಸೇರುತ್ತದೆ. ಅಂಗಡಿಯ 400 ಗ್ರಾಂ ಪೊಟ್ಟಣ ಎರಡಕ್ಕೆ ಸಮ. ಹದಿನೈದು ನೂರು ವಾಟಿನ ಓವನ್ನು ಕಾಯುವ ಹೊತ್ತೂ ಸೇರಿ ಐವತ್ತು ನಿಮಿಷ ಉರಿದರೆ ಹೆಚ್ಚೆಂದರೆ ಒಂದೂಕಾಲು ಯೂನಿಟ್ಟು ವಿದ್ಯುತ್ತು. ತಮ್ಮ ಅಂಗಡಿಯ ದರ, ತಮ್ಮ ವಿದ್ಯುತ್ ಬಿಲ್ಲಿನ ದರ ಹಾಕಿ ಗುಣಿಸಿಕೊಳ್ಳಬಹುದು. ಒಂದು ಭಾನುವಾರದ ಅರ್ಧ ದಿನ ಮನೆಯಲ್ಲಿರಬೇಕಾಗುತ್ತದೆ ಎಂಬ ಖರ್ಚನ್ನೂ ಬರೆದುಕೊಳ್ಳಿರಿ. ಕೈಕೆಲಸ ಮಾತ್ರ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು.

ಲಾಭದ ಬದಿಯಲ್ಲಿ ಇಲ್ಲದ್ದನ್ನು ಬರೆಯಬಾರದು. ರಾಗಿ ಬ್ರೆಡ್ಡು ತಿಂದರೆ ಮೂಳೆ ವಜ್ರವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ರಾಗಿಯಲ್ಲಿ ಸುಣ್ಣಾಂಶ 100 ಗ್ರಾಂಗೆ 350 ಮಿಲಿಗ್ರಾಂನಷ್ಟು. ಧಾನ್ಯಗಳಲ್ಲಿ ಅದಕ್ಕೆ ಸಾಟಿ ಇಲ್ಲ, ನಿಜ. ಆದರೆ ನಮ್ಮ ಬ್ರೆಡ್ಡಿನಲ್ಲಿ ಹಾಕಿದ್ದು 50 ಗ್ರಾಂ. ಹದಿನಾರು ಹೋಳು ಮಾಡಿದರೆ ಹೋಳಿಗೆ ಬಂದದ್ದು 11 ಮಿಲಿಗ್ರಾಂ. 100 ಗ್ರಾಂ ಹಿಟ್ಟಿನ ಒಂದು ಮುದ್ದೆ ನುಂಗಿದವರಿಗೆ ಪೂರ್ತಿ 350! ಅಂದಮೇಲೆ ಬ್ರೆಡ್ಡು ಮುದ್ದೆಯ ಸ್ಥಾನಕ್ಕೆ ಬರಲಾರದು. ಮುದ್ದೆ ತಿನ್ನುವ ಮನೆಗಳು ಮುದ್ದೆಯನ್ನು ಬಿಡಕೂಡದು. ಈ ಬ್ರೆಡ್ಡು ತೆಗೆದುಕೊಳ್ಳಬೇಕಾದದ್ದು ಮೈದಾ ಬ್ರೆಡ್ಡಿನ ಜಾಗವನ್ನು, ಅಷ್ಟೆ. ಸಕ್ಕರೆ ಕಾಯಿಲೆಯವರಿಗೂ ಒಂದು ಮಾತು: ಇದರಲ್ಲಿ ನಾರು ಹೆಚ್ಚೆಂದು ಲೆಕ್ಕವಿಲ್ಲದೆ ತಿನ್ನುವಂತಿಲ್ಲ. ಪಿಷ್ಟ ಪಿಷ್ಟವೇ. ವೈದ್ಯರು ಹೇಳಿದ ಅಳತೆಯೊಳಗೇ ಇದೂ ಬರಬೇಕು. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಇದ್ದವರಿಗಂತೂ ಇದು ವರ್ಜ್ಯ.

ನಮ್ಮ ಚಿಕ್ಕವನು ರಾಗಿಯನ್ನು ಕಪ್ಪೆಂದು ತಳ್ಳುತ್ತಿದ್ದವನು. ಈಗ ಹಿಟ್ಟಿನ ಸುರುಳಿ ಸುತ್ತುವುದು ಅವನ ಕೆಲಸವಾದ್ದರಿಂದ, ತಾನು ಮಾಡಿದ್ದೆಂಬ ಅಭಿಮಾನದಿಂದಲೋ ಏನೋ, ಶೇಂಗಾ ಚಟ್ನಿಪುಡಿಯೂ ತುಪ್ಪವೂ ಸವರಿ ಎರಡು ಹೋಳು ಡಬ್ಬಿಗೆ ಒಯ್ಯುತ್ತಾನೆ. ಕೆಲವು ದಿನ ಒಂದು ಹೋಳು ವಾಪಸು ಬರುತ್ತದೆ. ಆ ಹೋಳನ್ನು ಅವ್ವ ಸಂಜೆ ಹಂಚಿನ ಮೇಲೆ ಬಿಸಿ ಮಾಡಿಕೊಂಡು ಚಹಾದೊಡನೆ ತಿನ್ನುತ್ತಾರೆ.

ಕೊನೆಗೆ ಗಿರಣಿಯದೂ ಶೇಖರಣೆಯದೂ ಎರಡು ಮಾತು. ಜೋಳದ ಹಿಟ್ಟು ಹಳತಾದಷ್ಟೂ ಕಹಿ ತಿರುಗುತ್ತದೆ; ಎರಡು ವಾರಕ್ಕೆ ಬೇಕಾದಷ್ಟನ್ನೇ ಬೀಸಿಸಿರಿ. ಗಿರಣಿಯವರಿಗೆ ಗೋಧಿಯನ್ನು ಬೇರೆಯಾಗಿ ಬೀಸಿಕೊಡಲು ಹೇಳಿರಿ; ಎಲ್ಲವನ್ನೂ ಮೊದಲೇ ಬೆರಸಿ ಬೀಸಿಸಿದರೆ ರಾಗಿಗೂ ಜೋಳಕ್ಕೂ ಎಸರು ಹೊಯ್ಯಲಾಗುವುದಿಲ್ಲ. ಇದರಲ್ಲಿ ಕೆಡದಂತೆ ಕಾಯುವ ರಾಸಾಯನಿಕವಿಲ್ಲದ್ದರಿಂದ ಮಳೆಗಾಲದಲ್ಲಿ ಎರಡನೆಯ ದಿನದ ಹೊತ್ತಿಗೇ ಬೂಷ್ಟು ಬರಬಹುದು. ಆರಿದ ಕೂಡಲೆ ಹೋಳು ಮಾಡಿ, ಒಂದು ದಿನದ್ದನ್ನು ಹೊರಗಿಟ್ಟು, ಉಳಿದದ್ದನ್ನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಹೆಪ್ಪುಗಟ್ಟಿಸಿದರೆ ವಾರವೆಲ್ಲ ಬಾಳುತ್ತದೆ. ಬೇಕಾದಾಗ ತೆಗೆದು ನೇರವಾಗಿ ಕಾದ ಹಂಚಿಗೆ ಹಾಕಬಹುದು.

ಹೊರಗಿನ ಪಡಸಾಲೆಯ ಮೇಜಿನ ಮೇಲೆ ಎರಡು ಬ್ರೆಡ್ಡುಗಳನ್ನು ಕೊಯ್ದು ಇಟ್ಟಿದ್ದೇವೆ. ಎಡಗಡೆಯದು ಹುರಿಗಡಲೆಯದು, ಬಲಗಡೆಯದು ಹುರಿದ ಹೆಸರುಬೇಳೆಯದು. ಅವ್ವ ಅಲ್ಲಿಯೇ ಕುಳಿತಿದ್ದಾರೆ. ಹಿಟ್ಟಿನ ಹದದ ವಿಷಯದಲ್ಲಿ ಸಂಶಯವಿದ್ದವರು ಅವರನ್ನೇ ಕೇಳಬೇಕೆಂದು ಪ್ರಾರ್ಥನೆ.